ಅಪ್ಪನ ಪಾಪನಿವೇದನೆಗೆ ದುಭಾಷಿ

ನಮ್ಮ ಮನೆಯಲ್ಲಿ ಈಗ ಒಂದು ಕಥೆ ಓಡಾಡುತ್ತಿದೆ. ಅಪ್ಪನ ಹೃದಯದ ಆಪರೇಷನ್ನಿನ ಹಿಂದಿನ ದಿನ ಆಸ್ಪತ್ರೆಗೆ ಗುರುಗಳು ಬಂದರು, ವರ್ಷಗಟ್ಟಲೆ ಚರ್ಚಿನ ಮೆಟ್ಟಿಲು ಹತ್ತದ ಮಗಳು ಅಪ್ಪನ ಪಕ್ಕದಲ್ಲಿ ಕೈಮುಗಿದು ನಿಂತಳು, ಅವಳ ಕಣ್ಣಲ್ಲಿ ನೀರು ಬಂತು, ಅವತ್ತಿನಿಂದ ಅವಳು ಬದಲಾದಳು. ಹೇಳುವವಳು ಅವ್ವ. ಕೇಳುವವರು ಯಾರಾದರೂ ಸರಿ: ಭಾನುವಾರದ ಪೂಜೆ ಮುಗಿಸಿ ಬರುವ ಹೆಂಗಸರು, ರಾಯಚೂರಿನಿಂದ ಫೋನ್ ಮಾಡುವ ಸೋದರತ್ತೆ, ಗ್ಯಾಸ್ ಸಿಲಿಂಡರ್ ತರುವವನು. ಅವನಿಗೆ ಹಿಂದಿಯಲ್ಲಿ, ಸ್ವಲ್ಪ ಚಿಕ್ಕದಾಗಿ.

ನನಗೆ ಈ ಕಥೆಯ ಮೇಲೆ ಆಕ್ಷೇಪಗಳಿವೆ. ನಾನು ನಿಂತಿರಲಿಲ್ಲ, ಸ್ಟೂಲಿನ ಮೇಲೆ ಕೂತಿದ್ದೆ. ಕೈಮುಗಿದಿರಲಿಲ್ಲ, ಒಂದು ಕೈಯಲ್ಲಿ ಅಪ್ಪನ ನೀರಿನ ಬಾಟಲಿ ಇತ್ತು. ಕಣ್ಣು ಕೆಂಪಾಗಿತ್ತು, ನಿಜ. ವಾರವಿಡೀ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಿದ್ದೆ ಮಾಡಿ, ಅಲ್ಲಿಂದಲೇ ಆಫೀಸಿಗೆ ಹೋಗಿ, ತಿರುಗಿ ಅದೇ ಕುರ್ಚಿಗೆ ಬಂದವರ ಕಣ್ಣು ಕೆಂಪಾಗಲು ದೇವರ ಅಗತ್ಯವಿಲ್ಲ. ಇನ್ನು ಬದಲಾದದ್ದಕ್ಕೆ ಪುರಾವೆ ಏನು ಎಂದು ಕೇಳಿದರೆ ಅವ್ವ, "ನಿನ್ ಮಾರಿನ ಪುರಾವೆ" ಅನ್ನುತ್ತಾಳೆ. ಇಂಥ ವಾದಕ್ಕೆ ಉತ್ತರ ಕೊಡುವುದನ್ನು ನನಗೆ ಯಾರೂ ಕಲಿಸಿಲ್ಲ.

ಅವ್ವನ ಕಥೆಯಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗಿದೆ. ನಾನು ಅಲ್ಲಿ ಇದ್ದದ್ದು ಮಗಳಾಗಿ ಅಲ್ಲ, ಭಕ್ತಳಾಗಿ ಅಂತೂ ಅಲ್ಲವೇ ಅಲ್ಲ. ದುಭಾಷಿಯಾಗಿ.

ರಾಯಚೂರು ಕಡೆಯ ನಮ್ಮ ಊರಿನಲ್ಲಿ ತಲೆತಲಾಂತರದಿಂದ ಕಥೋಲಿಕರಾದ ಮನೆಗಳಿವೆ. ಜಪ, ಹಾಡು, ಶವಪೆಟ್ಟಿಗೆಯ ಹಿಂದೆ ನಡೆಯುವಾಗಿನ ಅಳು, ಎಲ್ಲ ಅಚ್ಚಗನ್ನಡದಲ್ಲಿ. ಅಪ್ಪ ಮೀಸೆ ಮೂಡುವ ವಯಸ್ಸಿನಲ್ಲಿ ಈ ಮರಾಠಿ ಸೀಮೆಗೆ ಬಂದು, ವಾಶಿಯ ಮಾರ್ಕೆಟ್ಟಿನಲ್ಲಿ ಈರುಳ್ಳಿ-ಬಟಾಟೆ ಮೂಟೆ ಹೊತ್ತು, ಕೋಪರಖೈರಣೆಯಲ್ಲಿ ಎರಡು ಕೋಣೆಯ ಮನೆ ಮಾಡಿದ. ನಾನು ಹುಟ್ಟಿದ್ದು ಇಲ್ಲೇ. ನಮ್ಮ ಓಣಿಯ ನನ್ನ ವಯಸ್ಸಿನವರು ಅಪ್ಪ ಅವ್ವ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರಿಸುತ್ತಾರೆ. ನನಗೆ ಆ ಸ್ವಾತಂತ್ರ್ಯ ಇರಲಿಲ್ಲ. ಅಪ್ಪ ನನ್ನನ್ನು ಕನ್ನಡ ಶಾಲೆಗೆ ಹಾಕಿದ; ಭಾನುವಾರ ಪೂಜೆ ಮುಗಿದ ಮೇಲೆ ಠಾಣೆ ಎಂಬ ಊರಿನಲ್ಲಿ ರೈಲುಗಾಡಿ ಬದಲಿಸಿ ಡೊಂಬಿವಲಿಯ ಒಂದು ಕನ್ನಡ ಸಂಘದ ಚರ್ಚಾಸ್ಪರ್ಧೆಗಳಿಗೆ ಕರೆದುಕೊಂಡು ಹೋದ. ನಾನು ವಿಷಯದ ಪರವಾಗಿ ಮಾತಾಡಿ ಬಹುಮಾನ ತಂದರೆ, ಮುಂದಿನ ಸಲ ವಿರೋಧವಾಗಿ ಮಾತಾಡಿ ತರಬೇಕು. ಅದು ಅವನ ಖುಷಿ. ಮುಂದೆ ಆ ಬಾಯಿ ತನ್ನ ಕಡೆಗೇ ತಿರುಗುತ್ತದೆ ಎಂದು ಅವನು ಅಂದಾಜು ಮಾಡಿರಲಿಲ್ಲ.

ಮೊದಲು ತಿರುಗಿದ್ದು ಧರ್ಮೋಪದೇಶದ ತರಗತಿಯಲ್ಲಿ. ಸಂಸ್ಕಾರಗಳು ಏಳು ಎಂದು ಬಾಯಿಪಾಠ ಮಾಡಿಸುತ್ತಿದ್ದರು. ಹುಟ್ಟಿದಾಗ ತಲೆಗೆ ನೀರು, ಸಾಯುವಾಗ ಹಣೆಗೆ ಎಣ್ಣೆ, ನಡುವೆ ರೊಟ್ಟಿ, ಉಂಗುರ, ಪಾಪ ಹೇಳಿಕೊಳ್ಳುವುದು, ಇತ್ಯಾದಿ. ಕಾಣುವ ಗುರುತಿನ ಮೂಲಕ ಕಾಣದ ಕೃಪೆ ಸಿಗುತ್ತದೆ ಎಂಬುದು ಪಾಠ. ನಾನು ಎದ್ದು ನಿಂತು ಕೇಳಿದ್ದೆ: "ಟೀಚರ್, ನಾವು ಮಾಡಿದ ಪಾಪ ದೇವರಿಗೆ ಮೊದಲೇ ಗೊತ್ತಲ್ಲ? ಗೊತ್ತಿದ್ದವರಿಗೆ ಮತ್ತೆ ಹೇಳೋದು ಯಾಕೆ?"

ಟೀಚರ್ ಒಳ್ಳೆಯವರು. "ಅವನಿಗೆ ಗೊತ್ತಾಗಲಿ ಅಂತ ಹೇಳೋದಲ್ಲ" ಎಂದು ಶುರು ಮಾಡಿದರು. ನಾನು ಮುಗಿಸಲು ಬಿಡಲಿಲ್ಲ. "ಹಾಗಾದರೆ ಯಾರಿಗೆ ಗೊತ್ತಾಗಲಿ ಅಂತ? ಫಾದರಿಗಾ?" ಇಡೀ ತರಗತಿ ನಕ್ಕಿತು. ನಾನು ಗೆದ್ದೆ. ಆ ಏಳರಲ್ಲೊಂದಾದ ದೃಢೀಕರಣ ಆದ ಮೇಲೆ ಒಂದೊಂದೇ ಭಾನುವಾರ ಬಿಡುತ್ತ ಪೂರ್ತಿ ಬಿಟ್ಟೆ. ಅಪ್ಪ ನನ್ನನ್ನು ವಕೀಲವ್ವ ಎಂದು ಕರೆಯತೊಡಗಿದ. ನಾನು ಓದಿದ್ದು ಕಾನೂನಲ್ಲ, ಮಾಡುವುದು ಠಾಣೆ ಊರಿನ ಒಂದು ಆಫೀಸಿನಲ್ಲಿ ಗ್ರಾಹಕರ ದೂರುಗಳಿಗೆ ಉತ್ತರ ಬರೆಯುವ ಕೆಲಸ. ನಮ್ಮಿಬ್ಬರ ನಡುವೆ ಜಗಳ ಬಿಟ್ಟು ಬೇರೆ ಮಾತು ಕಡಿಮೆಯಾಗುತ್ತ ಬಂತು. ಕೊನೆಗೆ ಜಗಳವೂ ದಣಿಯಿತು. "ಊಟ ಆತೇನು?" "ಆತು." ಇಷ್ಟಕ್ಕೆ ನಿಂತಿತ್ತು.

ಹೀಗಿರುವಾಗ ಅವನಿಗೆ ಎದೆನೋವು ಬಂತು. ಹತ್ತಿರದ ಕೋಪರಿ ಎಂಬಲ್ಲಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಬೈಪಾಸ್ ಆಗಲೇಬೇಕು, ತಡ ಮಾಡುವಂತಿಲ್ಲ ಎಂದರು ಡಾಕ್ಟರು. ಅಪ್ಪ ತಲೆಯಾಡಿಸಿ ಎಲ್ಲ ಕೇಳಿಸಿಕೊಂಡ. ಡಾಕ್ಟರು ಹೋದ ಮೇಲೆ ನನ್ನ ಕಡೆ ತಿರುಗಿ, "ಪಾಪನಿವೇದನ ಆಗ್ಲಾರ್ದ ನಾ ಒಳಗ ಹೋಗಂಗಿಲ್ಲ" ಅಂದ.

"ಅಪ್ಪಾ, ಇದು ಆಪರೇಷನ್. ಸಾಯಾಕ ಹೊಂಟಿಲ್ಲ ನೀ."

"ಎದಿ ಬಿಚ್ಚತಾರ. ಬಿಚ್ಚಿದಾಗ ಒಳಗ ಕಸ ಇರಬಾರ್ದು."

ಇದು ತರ್ಕವಲ್ಲ. ಹಟ ಹಿಡಿದರೆ ಅಪ್ಪ ಅಪ್ಪನೇ. ಒತ್ತಾಯದಿಂದ ಆಪರೇಷನ್ ಮಾಡಲು ಬರುವುದಿಲ್ಲ, ಮಾಡದೆ ಬಿಟ್ಟರೆ ಏನಾಗುತ್ತದೆ ಎಂದು ಡಾಕ್ಟರು ಹೇಳಿಯಾಗಿತ್ತು. ಒಟ್ಟಿನಲ್ಲಿ ನಾನು ನಂಬದ ಒಂದು ಸಂಸ್ಕಾರದ ಮೇಲೆ ಅಪ್ಪನ ಜೀವ ನಿಂತಿತ್ತು, ಅದನ್ನು ಹೊಂದಿಸುವ ಓಡಾಟ ನನ್ನ ಪಾಲಿಗೆ ಬಂದಿತ್ತು.

ಹತ್ತಿರದ ಚರ್ಚಿನಲ್ಲಿ ಒಬ್ಬ ಚಿಕ್ಕ ವಯಸ್ಸಿನ ಗುರುಗಳಿದ್ದರು, ವಸಈ ಕಡೆಯವರು. ಮರಾಠಿ, ಹಿಂದಿ, ಇಂಗ್ಲಿಷ್ ಬರುತ್ತಿತ್ತು. ತಕ್ಷಣ ಬರುತ್ತೇನೆ ಎಂದರು. ನಾನು ಅವರನ್ನು ಕರೆತಂದು ಅಪ್ಪನಿಗೆ ಹೇಳಿದರೆ, ಅಪ್ಪ ಇನ್ನೊಂದು ತಕರಾರು ತೆಗೆದ.

"ಕನ್ನಡದ ಗುರುಗಳು ಬೇಕು."

"ಯಾಕ? ನಿಂಗ ಹಿಂದಿ ಬರಂಗಿಲ್ಲೇನು? ಮಾರ್ಕೆಟ್‌ನಾಗ ಟ್ರಕ್ಕಿನವರಿಗೆ ನೀ ಬೈತಿದ್ದದ್ದು ಯಾವ ಭಾಷಾದಾಗ?"

"ಅದು ಬೈಯೋ ಹಿಂದಿ. ಪಾಪ ಮಾಡಿದ್ದೆಲ್ಲ ನಾ ಕನ್ನಡದಾಗ. ಹಿಂದ್ಯಾಗ ಹೆಂಗ ಹೇಳ್ಲಿ?"

ಗುರುಗಳಿಗೆ ಇದನ್ನು ಅನುವಾದಿಸಿದೆ. ಅವರು ನಕ್ಕುಬಿಟ್ಟರು. ಹಿಂದೆ ನಮ್ಮ ಕಡೆ ತಿಂಗಳಿಗೊಮ್ಮೆ ಕನ್ನಡ ಪೂಜೆ ಆಗುತ್ತಿತ್ತು. ಆ ಪೂಜೆ ಮಾಡುತ್ತಿದ್ದ ಗುರುಗಳಿಗೆ ವರ್ಗವಾದ ಮೇಲೆ ಅದು ನಿಂತಿತು, ಅಪ್ಪನ ಪಾಪನಿವೇದನೆಯೂ ನಿಂತಿತು. ಡೊಂಬಿವಲಿಯಲ್ಲಿ ಮಂಗಳೂರು ಕಡೆಯ ಒಬ್ಬರಿದ್ದಾರೆ ಎಂದು ತಿಳಿದು ಫೋನ್ ಮಾಡಿದೆ. ಅವರು ರಜೆಯ ಮೇಲೆ ಊರಿಗೆ ಹೋಗಿದ್ದರು. ನಾನು ವೀಡಿಯೋ ಕಾಲ್‌ನಲ್ಲಿ ಕೇಳಿಸಿಕೊಳ್ಳಿ ಎಂದೆ. ಆಗುವುದಿಲ್ಲ ಎಂದರು.

"ಯಾಕಾಗುವುದಿಲ್ಲ ಫಾದರ್? ಸಂಬಂಧ ನೋಡುವುದು, ಕೆಲಸದ ಇಂಟರ್‌ವ್ಯೂ, ಎಲ್ಲ ಅದರಲ್ಲೇ ನಡೆಯುತ್ತದೆ. ದೇವರಿಗೆ ಮಾತ್ರ ನೆಟ್‌ವರ್ಕ್ ಸಿಗುವುದಿಲ್ಲವೇ?"

"ಎದುರಿಗೆ ಇರಬೇಕಮ್ಮ" ಎಂದರು. "ಸಂಸ್ಕಾರಕ್ಕೆ ನೀರು ಬೇಕು, ಎಣ್ಣೆ ಬೇಕು, ರೊಟ್ಟಿ ಬೇಕು. ಇದಕ್ಕೆ ಮನುಷ್ಯ ಬೇಕು. ಫೋನಿನ ಮೂಲಕ ಸ್ನಾನ ಮಾಡಿಸಲಿಕ್ಕೆ ಆಗ್ತದಾ?"

ಇದಕ್ಕೂ ನನ್ನ ಬಳಿ ಎದುರುವಾದ ಇತ್ತು. ಆದರೆ ಫೋನಿನಲ್ಲಿ ಚಾರ್ಜ್ ಇರಲಿಲ್ಲ, ನನ್ನಲ್ಲಿಯೂ ಇರಲಿಲ್ಲ. ವಾರ್ಡಿನ ಹೊರಗಿನ ಗೋಡೆಗೆ ಒರಗಿ ಕೂತೆ. ವಸಈಯ ಗುರುಗಳು ಬಂದು ಪಕ್ಕದಲ್ಲೇ ಕೂತು, ಹಿಂದಿಯಲ್ಲಿ ಮೆಲ್ಲಗೆ ಹೇಳಿದರು: ಇನ್ನೊಂದು ದಾರಿ ಇದೆ, ದುಭಾಷಿಯನ್ನು ಇಟ್ಟುಕೊಂಡು ಪಾಪನಿವೇದನೆ ಮಾಡಬಹುದು. ಧರ್ಮಸಭೆಯ ನಿಯಮದಲ್ಲಿ ಅವಕಾಶ ಇದೆ. ಆದರೆ ಕೇಳಿದ್ದನ್ನು ಯಾರಿಗೂ ಹೇಳಬಾರದು ಎಂಬ ಕಟ್ಟು ಗುರುಗಳಿಗಿರುವಂತೆ ಆ ದುಭಾಷಿಗೂ ಇರುತ್ತದೆ.

ಯಾರು ದುಭಾಷಿ ಎಂಬುದೀಗ ಪ್ರಶ್ನೆ. ಆ ಹೊತ್ತಿಗೆ ನಮ್ಮ ಪಕ್ಕದ ಮನೆಯವರು ಟಿಫಿನ್ ಡಬ್ಬಿ ಹಿಡಿದು ಬಂದಿದ್ದರು. ಉಡುಪಿಯವರು, ವಾಶಿಯ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುವವರು, ದಿನಕ್ಕೆ ನಾಲ್ಕು ಭಾಷೆಯಲ್ಲಿ ಚಿಲ್ಲರೆ ಕೇಳುವವರು. "ನಾನು ಹೇಳ್ತೇನೆ ಮಾರಾಯ್ರೆ, ಎಂತ ಕಷ್ಟ ಉಂಟು ಅದ್ರಲ್ಲಿ?" ಎಂದರು. "ನಂಗೆ ನಿಮ್ಮ ಧರ್ಮ ಗೊತ್ತಿಲ್ಲ. ಆದ್ರೆ ಹಿಂದಿ ಚಂದ ಗೊತ್ತುಂಟು."

ಅಪ್ಪ ಅವರ ಕೈ ಹಿಡಿದುಕೊಂಡ. "ನೀವು ದೊಡ್ಡವ್ರು ಅಣ್ಣಾ. ಆದ್ರ ನಾಳಿ ಬದುಕಿ ಬಂದ್ರ ದಿನಾ ಮುಂಜಾನಿ ನಿಮ್ ಮಾರಿ ನೋಡಬೇಕಲ್ಲ ನಾನು."

"ಅದೂ ಹೌದು" ಎಂದು ಅವರು ಇಡ್ಲಿ ಡಬ್ಬಿ ಮುಚ್ಚಿದರು.

ಅವ್ವ ಮುಂದೆ ಬಂದಳು. "ನಾ ಹೇಳ್ತೀನಿ. ಇವನ ಪಾಪ ನನಗ ಗೊತ್ತಿಲ್ಲೇನು?"

"ನೀ ಬ್ಯಾಡ" ಅಂದ ಅಪ್ಪ. "ನಾ ಒಂದು ಹೇಳಿದ್ರ ನೀ ಹತ್ತು ಸೇರಿಸ್ತಿ. ವಕೀಲವ್ವ ಹೇಳ್ಲಿ."

ಅವ್ವ ಮೂತಿ ಉಬ್ಬಿಸಿ ಹೊರಗೆ ಹೋದಳು. ನಾನು ಗುರುಗಳ ಕಡೆ ತಿರುಗಿ, ಪ್ರಾಮಾಣಿಕವಾಗಿರಲಿ ಎಂದು, ನನಗೆ ಇದರಲ್ಲಿ ನಂಬಿಕೆ ಇಲ್ಲ ಎಂದೆ. ಅವರು ಆಶ್ಚರ್ಯಪಡಲಿಲ್ಲ. "ನಂಬು ಅಂತ ಯಾರು ಹೇಳಿದರು, ಬೇಟಾ? ಅನುವಾದ ಮಾಡು. ಆಮೇಲೆ ಸುಮ್ಮನಿರು. ಎರಡನೆಯದು ಆಗುತ್ತದಾ?"

"ಅದೇ ಕಷ್ಟ ಫಾದರ್."

"ನಿನ್ನ ಅಪ್ಪನೂ ನಿನ್ನ ಬಗ್ಗೆ ಅದನ್ನೇ ಹೇಳಿದರು."

ಪರದೆ ಎಳೆದರು. ಮಧ್ಯಾಹ್ನದ ಭೇಟಿ ಸಮಯ ಮುಗಿದು ವಾರ್ಡು ಮಂಕಾಗಿತ್ತು. ಪಕ್ಕದ ಹಾಸಿಗೆಯವರು ಮೊಬೈಲಿನಲ್ಲಿ ಯಾವುದೋ ಅಡುಗೆಯ ವೀಡಿಯೋ ಹಾಕಿದ್ದರು. ನಾವು ದನಿ ತಗ್ಗಿಸಿ ಎನ್ನುವ ಮೊದಲೇ ಅವರು ಗುರುಗಳನ್ನು ನೋಡಿ ಇನ್ನಷ್ಟು ಜೋರು ಮಾಡಿದರು, ನಮ್ಮ ಮಾತು ಅತ್ತ ಕೇಳದಿರಲಿ ಎಂದು. ಗುರುಗಳು ನೇರಳೆ ಬಣ್ಣದ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡರು. ಅಪ್ಪ ಶಿಲುಬೆಯ ಗುರುತು ಹಾಕಿ, ಹುಡುಗನಾಗಿದ್ದಾಗ ಕಲಿತ ಮಾತುಗಳಲ್ಲೇ ಶುರು ಮಾಡಿದ. ಮೊದಲ ವಾಕ್ಯ ಮುಗಿಯಿತು. ನಾನು ಹಿಂದಿಯಲ್ಲಿ, "ಇವರು ಹೇಳುತ್ತಾರೆ, ಇವರು..." ಎಂದು ಆರಂಭಿಸಿದೆ.

ಗುರುಗಳು ಕೈ ಎತ್ತಿ ತಡೆದರು. "ಇವರು ಅಲ್ಲ. ಅವರು ಹೇಗೆ ಹೇಳುತ್ತಾರೋ ಹಾಗೇ ಹೇಳು. ಮೈನೇ."

ಅಂದರೆ ನಾನು. ನಾನು ಮಾಡಿದೆ, ನಾನು ಹೇಳಿದೆ, ನಾನು ಬಿಟ್ಟೆ. ಚರ್ಚಾಸ್ಪರ್ಧೆಯಲ್ಲಿ ನಂಬದ ಪಕ್ಷದ ಪರವಾಗಿ ಎಷ್ಟೋ ಸಲ "ನಾನು" ಎಂದು ಮಾತಾಡಿದವಳು ನಾನು. ಅದು ನಾಲಿಗೆಯ ಕೆಲಸ, ಒಳಗೆ ಏನೂ ಆಗುವುದಿಲ್ಲ. ಇದೂ ಹಾಗೇ ಎಂದುಕೊಂಡೆ. ಅಪ್ಪ ಕಣ್ಣು ಮುಚ್ಚಿ ಹೇಳುತ್ತ ಹೋದ. ನಾನು ಮೈನೇ, ಮೈನೇ ಎನ್ನುತ್ತ ಹೋದೆ. ಮೂಟೆಯನ್ನು ಒಬ್ಬರ ಬೆನ್ನಿನಿಂದ ಇನ್ನೊಬ್ಬರ ಬೆನ್ನಿಗೆ ದಾಟಿಸುವಾಗ ನಡುವೆ ನಿಂತವನು ಒಂದು ಕ್ಷಣ ಅದರ ಪೂರ್ತಿ ಭಾರ ಹೊರುತ್ತಾನೆ ಎಂದು ಅಪ್ಪ ಯಾವಾಗಲೋ ಹೇಳಿದ್ದ. ಸುಮ್ಮನೆ ನೆನಪಾಯಿತು. ನನಗೆ ಆಗ ಬೇಕಾಗಿದ್ದದ್ದು ಒಂದು ದಿಂಬು ಮಾತ್ರ.

ಅಪ್ಪ ಏನು ಹೇಳಿದ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಇದನ್ನೆಲ್ಲ ಬರೆಯುತ್ತೇನೆ ಎಂದಾಗ, "ಒಳಗಿಂದು ಬ್ಯಾಡ, ಹೊರಗಿಂದು ಏನರ ಬರಿ" ಎಂದಿದ್ದಾನೆ. ಅದರಲ್ಲಿ ಒಂದು ಸಂಗತಿ ನನಗೆ ಸಂಬಂಧಿಸಿತ್ತು ಎಂಬುದು ಒಳಗಿನದೋ ಹೊರಗಿನದೋ ಎಂದು ಬಹಳ ಯೋಚಿಸಿ, ಹೊಸ್ತಿಲ ಮೇಲಿನದು ಎಂದು ತೀರ್ಮಾನಿಸಿದ್ದೇನೆ. ಅದು ನನಗೆ ಮೊದಲೇ ಗೊತ್ತಿದ್ದ ಸಂಗತಿ. ನನಗೆ ಗೊತ್ತು ಎಂಬುದು ಅಪ್ಪನಿಗೂ ಗೊತ್ತಿತ್ತು. ಆದರೂ ಅದನ್ನು ಅವನ ಬಾಯಿಂದ ನಾನು ಎಂದೂ ಕೇಳಿರಲಿಲ್ಲ.

ಅಪ್ಪ ಅದನ್ನು ಹೇಳಿದ. ಹೇಳಲು ಅವನು ಬಳಸಿದ ಮಾತು ಒರಟಾಗಿತ್ತು, ತನ್ನ ಮೇಲೆಯೇ ತಾನು ಹಾಕಿಕೊಂಡ ಮಾತು. ನಾನು ಹಿಂದಿಯಲ್ಲಿ ಅದನ್ನು ಸ್ವಲ್ಪ ಮೆತ್ತಗೆ ಮಾಡಿ ದಾಟಿಸಿದೆ. ರೋಗಿ ಮನುಷ್ಯ, ಹೋಗಲಿ ಬಿಡು ಎಂದು. ಅಷ್ಟರಲ್ಲಿ ಅಪ್ಪ ಕಣ್ಣು ತೆರೆದ. ಗುರುಗಳನ್ನು ನೇರವಾಗಿ ನೋಡಿ, ಸ್ವಚ್ಛವಾದ ಹಿಂದಿಯಲ್ಲಿ, "ಐಸಾ ನಹೀ, ಫಾದರ್" ಎಂದು, ನಾನು ಮೆತ್ತಗೆ ಮಾಡಿದ್ದನ್ನು ಅಷ್ಟೇ ಒರಟಾಗಿ ಅವನೇ ಹೇಳಿ ಸರಿಪಡಿಸಿದ. ಮತ್ತೆ ಕಣ್ಣು ಮುಚ್ಚಿ ಕನ್ನಡಕ್ಕೆ ವಾಪಸ್ ಬಂದ.

ಗುರುಗಳು ನನ್ನ ಕಡೆ ನೋಡಲಿಲ್ಲ. ನಾನೂ ಮುಂದಿನ ವಾಕ್ಯಕ್ಕೆ ಹೋದೆ.

ಆಮೇಲಿನದು ಬೇಗ ಮುಗಿಯಿತು. ಗುರುಗಳು ಹಿಂದಿಯಲ್ಲಿ ನಾಲ್ಕು ಮಾತು ಹೇಳಿದರು. ನಾನು ಕನ್ನಡಕ್ಕೆ ತರುವ ಮೊದಲೇ ಅಪ್ಪ ತಲೆಯಾಡಿಸಿದ. ಪ್ರಾಯಶ್ಚಿತ್ತಕ್ಕೆ ಕೆಲವು ನಮೋ ಮರಿಯಾ ಜಪ ಹೇಳಿಕೊಳ್ಳಲು ಹೇಳಿದರು. "ಇಷ್ಟನ?" ಎಂದು ಅಪ್ಪ ನನ್ನನ್ನು ಕೇಳಿದ, ಮಾರ್ಕೆಟ್ಟಿನಲ್ಲಿ ತೂಕ ಕಡಿಮೆ ಬಂದವನಂತೆ. ಗುರುಗಳು ಅವನ ತಲೆಯ ಮೇಲೆ ಕೈ ಚಾಚಿ ಪಾಪಗಳನ್ನು ಕ್ಷಮಿಸುವ ಮಾತು ಹೇಳಿದರು. ಅದನ್ನು ಅನುವಾದಿಸಬೇಕೇ ಎಂದು ಕಣ್ಣಲ್ಲೇ ಕೇಳಿದೆ. ಬೇಡ ಎಂದು ತಲೆಯಾಡಿಸಿದರು. ಆ ಒಂದು ವಾಕ್ಯದ ಮಟ್ಟಿಗೆ ನನಗೆ ಕೆಲಸವಿರಲಿಲ್ಲ.

ಕೊನೆಗೆ ರೋಗಿಗಳ ಅಭ್ಯಂಗ, ಎಣ್ಣೆ ಹಚ್ಚುವ ಸಂಸ್ಕಾರ. ಅವ್ವನನ್ನು ಒಳಗೆ ಕರೆದರು. ಎಣ್ಣೆಯ ಪುಟ್ಟ ಡಬ್ಬಿ ನೋಡಿ ಅವಳು ಪರದೆಯ ಹತ್ತಿರವೇ ನಿಂತಳು. ನಮ್ಮವರಲ್ಲಿ ಎಣ್ಣೆ ಬಂತು ಎಂದರೆ ಮನುಷ್ಯ ಹೋದ ಎಂದೇ ಲೆಕ್ಕ, ಅದಕ್ಕಾಗಿಯೇ ಜ್ಞಾನ ತಪ್ಪುವವರೆಗೂ ಯಾರೂ ಗುರುಗಳನ್ನು ಕರೆಯುವುದಿಲ್ಲ. "ಅದು ಸಾಯೋರಿಗಷ್ಟ ಅಲ್ಲವ್ವಾ, ಜಡ್ಡಾದವರಿಗೆಲ್ಲ. ಆರಾಮ ಆಗ್ಲಿ ಅಂತ ಹಚ್ಚೋದು" ಎಂದು ಅವಳಿಗೆ ವಿವರಿಸಿದವಳು ನಾನು. ಆ ಕಡೆಯ ಪಕ್ಷದ ಪರವಾಗಿ ಎಷ್ಟು ಚೆನ್ನಾಗಿ ವಾದಿಸಿದೆ ಎಂದರೆ ಅವಳು ಒಪ್ಪಿಬಿಟ್ಟಳು. ಗುರುಗಳು ಅಪ್ಪನ ಹಣೆಗೆ, ಆಮೇಲೆ ಎರಡೂ ಅಂಗೈಗೆ ಎಣ್ಣೆ ಹಚ್ಚಿದರು. ಅಪ್ಪ ಅಂಗೈ ನೋಡಿಕೊಂಡು, "ಎಣ್ಣಿ ಕೈಗೆ ಮೂಟಿ ನಿಲ್ಲಂಗಿಲ್ಲ" ಅಂದ. ಅವ್ವ ನಕ್ಕಳು. ನಗುತ್ತಲೇ ನನ್ನ ಮುಖ ನೋಡಿದಳು. ಅವಳ ಕಥೆ ಹುಟ್ಟಿದ್ದು ಆ ಗಳಿಗೆಯಲ್ಲಿ.

ಮರುದಿನ ಆಪರೇಷನ್ ಆಯಿತು. ಅಪ್ಪ ಬದುಕಿ ಬಂದ. ಇದನ್ನು ಸಂಸ್ಕಾರದ ಫಲ ಎನ್ನುವವರಿಗೆ, ಪಕ್ಕದ ಹಾಸಿಗೆಯವರು ಯಾವ ಎಣ್ಣೆಯೂ ಇಲ್ಲದೆ ಅದೇ ವಾರ ಮನೆಗೆ ಹೋದರು ಎಂದಷ್ಟೇ ಹೇಳುತ್ತೇನೆ.

ಮನೆಗೆ ಬಂದ ಮೇಲೆ ಅವ್ವನ ವಿಚಾರಣೆ ಶುರುವಾಯಿತು. ನಾನು ಆಫೀಸಿನಿಂದ ಬಂದು, ಠಾಣೆಯಿಂದ ಕೋಪರಖೈರಣೆಯವರೆಗೆ ನಿಂತೇ ಬಂದ ಕಾಲುಗಳನ್ನು ಚಾಚುವಷ್ಟರಲ್ಲಿ ಚಹಾದ ಜೊತೆ ಪ್ರಶ್ನೆ ಬರುತ್ತಿತ್ತು.

"ನನ್ ಸುದ್ದಿ ಏನರ ಬಂತೇನು?"

"ಹೇಳಂಗಿಲ್ಲವ್ವಾ."

"ಹೂಂ ಅನ್ನು, ಇಲ್ಲ ಉಹೂಂ ಅನ್ನು. ಅಷ್ಟು ಸಾಕು."

"ಅದನ್ನೂ ಅನ್ನಂಗಿಲ್ಲ. ನಿಯಮ ಅದ."

"ನೀ ದೇವ್ರನ ನಂಬಂಗಿಲ್ಲ. ದೇವ್ರ ನಿಯಮ ಯಾಕ ನಂಬ್ತಿ?"

ನನ್ನ ವಿರುದ್ಧ ಇಲ್ಲಿಯವರೆಗೆ ಯಾರೂ ಇಷ್ಟು ಒಳ್ಳೆಯ ವಾದ ಹೂಡಿರಲಿಲ್ಲ. ಮಾತು ಕೊಟ್ಟಿದ್ದೇನೆ ಎನ್ನಬಹುದಿತ್ತು. ಅದು ಪೂರ್ತಿ ಉತ್ತರವಲ್ಲ. ಯಾರ್ಯಾರಿಗೋ ಎಷ್ಟೋ ಮಾತು ಕೊಟ್ಟು ಮುರಿದಿದ್ದೇನೆ, ಇದನ್ನು ಮುರಿಯಲು ಮನಸ್ಸು ಬರುವುದಿಲ್ಲ ಎಂದಷ್ಟೇ ಗೊತ್ತು. ಕಾರಣ ಗೊತ್ತಿಲ್ಲ. ಚಹಾ ಕುಡಿದೆ.

ಇಷ್ಟೆಲ್ಲ ಆದ ಮೇಲೂ ಅಪ್ಪನ ಮತ್ತು ನನ್ನ ಮಾತು ಹೆಚ್ಚೇನೂ ಬದಲಾಗಿಲ್ಲ. "ಊಟ ಆತೇನು?" "ಆತು." "ಗಾಡಿ ಗದ್ದಲ ಇತ್ತೇನು?" ಎಂಬುದೊಂದು ಹೊಸದಾಗಿ ಸೇರಿದೆ. ಕೆಮ್ಮು ಬಂದರೆ ಎದೆಯ ಹೊಲಿಗೆ ನೋಯಬಾರದೆಂದು ಒಂದು ದಿಂಬನ್ನು ಅಪ್ಪಿಕೊಂಡು ಅವನು ಸಂಜೆ ಮನೆ ಮುಂದಿನ ಗ್ಯಾಲರಿಯಲ್ಲಿ ಕೂರುತ್ತಾನೆ. ಕೆಳಗೆ ತರಕಾರಿ ಗಾಡಿ ಬಂದರೆ ಅಲ್ಲಿಂದಲೇ ಕೊತ್ತಂಬರಿಗೆ ಚೌಕಾಸಿ ಶುರು. ಹಿಂದಿಯಲ್ಲಿ. ಬೈಗಳ ಹಿಂದಿಯಲ್ಲ; ಸೊಸೆ ಬಾಣಂತನಕ್ಕೆ ಹೋದಳಾ, ಮಳೆಗೆ ಮನೆಯ ತಗಡು ಸೋರುತ್ತದಾ, ನಿನ್ನ ತಾಯಿ ಹೇಗಿದ್ದಾಳೆ, ನೀನು ಅವಳ ಜೊತೆ ಮಾತು ಬಿಟ್ಟಿದ್ದು ಸರಿಯಾ ಎಂದು ಗಾಡಿಯವನ ಒಳಗಿನದನ್ನೆಲ್ಲ ಕೇಳಿ, ತನ್ನದನ್ನೂ ಹೇಳುವ ಹಿಂದಿ. ಎಷ್ಟೋ ವರ್ಷಗಳಿಂದ ನಾನು ಇದನ್ನು ಕೇಳುತ್ತಲೇ ಇದ್ದೆ. ಹಿಂದಿಯಲ್ಲಿ ಪಾಪ ಹೇಳಲು ಬರುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಅಪ್ಪ ಹೇಳಿದ ನೆಪವನ್ನು ಒಪ್ಪಿಕೊಳ್ಳುವಷ್ಟು ಸುಸ್ತಾಗಿದ್ದೆ, ಅಷ್ಟೇ.

ಕೇಳಿದ್ದನ್ನು ಪಾಪನಿವೇದನೆ ಮಾಡಿದವರ ಮುಂದೆಯೂ ಎತ್ತಬಾರದು ಎಂದು ಗುರುಗಳು ಹೇಳಿದ್ದರು. ನಾನು ನಿಯಮವನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದೆ. ಏನು ಹೇಳಿದೆ ಎಂದು ಕೇಳುವಂತಿಲ್ಲ. ಯಾಕೆ ಹಾಗೆ ಮಾಡಿದೆ ಎಂದೂ ಕೇಳುವಂತಿಲ್ಲ. ಒಂದು ಸಂದು ಮಾತ್ರ ಉಳಿದಿತ್ತು.

ಮೊನ್ನೆ ಭಾನುವಾರ ಅವ್ವ ಪೂಜೆಗೆ ಹೋಗಿದ್ದಳು. ಅಪ್ಪ ಕೊತ್ತಂಬರಿಯವನನ್ನು ಕಳಿಸಿ, ದಿಂಬು ಸರಿ ಮಾಡಿಕೊಂಡು, ಕಣ್ಣು ಮುಚ್ಚಿ ಬಿಸಿಲಿಗೆ ಮುಖ ಒಡ್ಡಿದ್ದ. ನಾನು ಸ್ಟೂಲು ಎಳೆದುಕೊಂಡು, ಆಸ್ಪತ್ರೆಯಲ್ಲಿ ಕೂತಿದ್ದ ಅದೇ ಬದಿಗೆ ಕೂತೆ.

"ಅಪ್ಪಾ, ನಿಂಗ ಹಿಂದಿ ನನಗಿಂತ ಚಂದ ಬರ್ತದ. ಅವತ್ತು ನೀ ಹೇಳಿದ್ದು ಯಾರಿಗೆ? ಫಾದರಿಗೋ, ನನಗೋ?"